ಬಡ್ಡಿ ಲೆಕ್ಕ ಕಲಿತೆವು, ಮರೆತೆವು: ಹಣದ ಪಾಠದ ಚರಿತ್ರೆ

ಈ ವಾರದ ವಿಷಯಕ್ಕೆ ಹೋಗೋ ಮುಂಚೆ ಒಂದು ಸಣ್ಣ ಲೆಕ್ಕ. 50 ಲಕ್ಷ ರೂಪಾಯಿ ಮನೆ ಸಾಲ, ವರ್ಷಕ್ಕೆ 8.5 ಪರ್ಸೆಂಟ್ ಬಡ್ಡಿ, 20 ವರ್ಷದ ಅವಧಿ. ಬಡ್ಡಿ ದರ ನಡುವೆ ಬದಲಾಗಲ್ಲ ಅಂತ ಇಟ್ಕೊಳ್ಳಿ. ತಿಂಗಳ ಕಂತು ತಪ್ಪದೆ ಕಟ್ತಾ ಹೋದ್ರೆ ಅಸಲಿನಲ್ಲಿ ಅರ್ಧ, ಅಂದ್ರೆ 25 ಲಕ್ಷ, ತೀರೋದು ಎಷ್ಟನೇ ವರ್ಷಕ್ಕೆ? ಕ್ಯಾಲ್ಕುಲೇಟರ್ ಮುಟ್ಟಬೇಡಿ. ಮನಸ್ಸಿಗೆ ಮೊದಲು ಬಂದ ಸಂಖ್ಯೆಯನ್ನ ಒಂದು ಕಡೆ ಬರೆದಿಡಿ. ಉತ್ತರ ಆಮೇಲೆ ಹೇಳ್ತೀನಿ. ಈಗಲೇ ಯಾಕೆ ಹೇಳಲ್ಲ ಅನ್ನೋದಕ್ಕೂ ಒಂದು ಕಾರಣ ಇದೆ, ಅದೂ ಬರುತ್ತೆ.

ಪುಣೆ, ಹೈದರಾಬಾದ್, ಚೆನ್ನೈ, ಗುರುಗ್ರಾಮ ಎಲ್ಲೇ ಇರಲಿ, ಸಂಬಳದ ಜೀವನ ಶುರು ಮಾಡಿದ ನಮ್ಮವರ ಬಾಯಲ್ಲಿ ಒಂದು ದೂರು ಇದ್ದೇ ಇರುತ್ತೆ: "ಶಾಲೆಯಲ್ಲಿ ಪೈಥಾಗೊರಸ್ ಹೇಳಿಕೊಟ್ರು, ದುಡ್ಡಿನ ಪಾಠ ಹೇಳಿಕೊಡಲಿಲ್ಲ." ಕೇಳೋಕೆ ಸರಿ ಅನ್ಸುತ್ತೆ. ಆದರೆ ಅದು ಪೂರ್ತಿ ನಿಜ ಅಲ್ಲ. ಸರಳ ಬಡ್ಡಿ, ಚಕ್ರಬಡ್ಡಿ, ಲಾಭ-ನಷ್ಟ, ಶೇಕಡಾವಾರು, ಇವೆಲ್ಲ ಪ್ರೌಢಶಾಲೆ ಮುಗಿಯೋದ್ರೊಳಗೆ ನಾವು ಓದಿದ್ದೇವೆ, ಪರೀಕ್ಷೆ ಬರೆದು ಅಂಕವನ್ನೂ ತೆಗೆದಿದ್ದೇವೆ. ಹೇಳಿಕೊಟ್ಟಿದ್ದು ಹೌದು. ಅದು ಉಳಿಯಲಿಲ್ಲ ಅನ್ನೋದು ಬೇರೆ ಮಾತು. ಯಾಕೆ ಉಳಿಯಲಿಲ್ಲ ಅನ್ನೋದೇ ಇವತ್ತಿನ ವಿಷಯ.

ಮೊದಲು ಸ್ವಲ್ಪ ಹಿಂದೆ ಹೋಗೋಣ. ಬಡ್ಡಿ ಲೆಕ್ಕ ಕಲಿಸೋದು ನಮ್ಮ ನೆಲಕ್ಕೆ ಹೊಸದೇನಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲದಲ್ಲಿ, ಜೈನ ಪಂಡಿತ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಅದರಲ್ಲಿ ಅಸಲು, ಬಡ್ಡಿ, ಅವಧಿ ಇವುಗಳನ್ನ ಹಿಂದೆ ಮುಂದೆ ಮಾಡಿ ಕೇಳುವ ಲೆಕ್ಕಗಳ ಒಂದು ದೊಡ್ಡ ಭಾಗವೇ ಇದೆ. ಪುಸ್ತಕ ಸಂಸ್ಕೃತದ್ದು. ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನ ತೆಲುಗಿಗೆ ತಂದ. ಹೈದರಾಬಾದಿನಲ್ಲಿರೋರು ಈ ಹೆಸರನ್ನ ನೆನಪಿಟ್ಟುಕೊಳ್ಳಿ, ಆಫೀಸಿನ ಗೆಳೆಯರ ಹತ್ತಿರ ಮಾತಿಗೆ ಬರುತ್ತೆ. ಚೆನ್ನೈನವರಿಗೂ ಒಂದು ಪಾಲಿದೆ: 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದ ಜೊತೆ ಅದು ಅಚ್ಚಾಗಿದ್ದು ಮದ್ರಾಸಿನ ಸರ್ಕಾರಿ ಮುದ್ರಣಾಲಯದಲ್ಲಿ. ಕನ್ನಡದಲ್ಲೇ ಗಣಿತ ಬರೆದವನು ಹನ್ನೆರಡನೇ ಶತಮಾನದ ರಾಜಾದಿತ್ಯ. ಅವನ ಪುಸ್ತಕದ ಹೆಸರೇ 'ವ್ಯವಹಾರಗಣಿತ'. ಹೆಸರು ಕೇಳಿದ್ರೇ ಗೊತ್ತಾಗುತ್ತೆ ಅದು ಯಾರಿಗೆ ಬೇಕಾದ ಗಣಿತ ಅಂತ.

ಇನ್ನೊಂದು ವಿಷಯ ನೋಡಿ. ನಮ್ಮಲ್ಲಿ ಬಡ್ಡಿ ಹೇಳುವ ಹಳೆಯ ರೂಢಿ "ತಿಂಗಳಿಗೆ ನೂರಕ್ಕೆ ಇಷ್ಟು" ಅನ್ನೋದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನ್ಯಾಯವಾದ ಬಡ್ಡಿ ಅಂತ ಕೊಟ್ಟಿರೋದು ತಿಂಗಳಿಗೆ ನೂರು ಪಣಕ್ಕೆ ಒಂದೂಕಾಲು ಪಣ. ಊರಿನಲ್ಲಿ ಇವತ್ತಿಗೂ ಜನ ಮಾತಾಡೋದು ಹಾಗೇ: "ನೂರಕ್ಕೆ ಎರಡು", "ನೂರಕ್ಕೆ ಮೂರು". ನೂರಕ್ಕೆ ಮೂರು ಅಂದ ತಕ್ಷಣ ಅಜ್ಜಿಯ ಹುಬ್ಬು ಮೇಲೆ ಹೋಗುತ್ತೆ. ನೂರಕ್ಕೆ ಐದು, ಹತ್ತು ಅಂದ್ರೆ ಅದು ಮೀಟರ್ ಬಡ್ಡಿ, ಅದರ ಸಹವಾಸ ಬೇಡ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಈಗ ನಿಮ್ಮ ಕ್ರೆಡಿಟ್ ಕಾರ್ಡ್ ಬಿಲ್ ತೆಗೆದು ಸಣ್ಣಕ್ಷರ ಓದಿ. ಬಹಳಷ್ಟು ಕಾರ್ಡ್‌ಗಳಲ್ಲಿ ತಿಂಗಳಿಗೆ ಮೂರೂವರೆ ಪರ್ಸೆಂಟ್ ಆಸುಪಾಸು ಇರುತ್ತೆ. ಅಂದ್ರೆ ನೂರಕ್ಕೆ ಮೂರೂವರೆ! ಚಕ್ರಬಡ್ಡಿ ಹಾಕಿ ನೋಡಿದ್ರೆ ವರ್ಷಕ್ಕೆ 51 ಪರ್ಸೆಂಟ್ ದಾಟುತ್ತೆ. ಊರಿನಲ್ಲಿ ಈ ದರಕ್ಕೆ ಸಾಲ ತಗೊಂಡ ಅಂತ ಗೊತ್ತಾದ್ರೆ ಮನೆಯವರು ಸುಮ್ಮನೆ ಬಿಡ್ತಾರಾ? ಅದೇ ದರ ಹೊಳೆಯೋ ಆ್ಯಪಿನಲ್ಲಿ, ಇಂಗ್ಲಿಷಿನಲ್ಲಿ, 'ಮಿನಿಮಮ್ ಡ್ಯೂ' ಅನ್ನೋ ಹೆಸರಿನ ಹಿಂದೆ ನಿಂತಾಗ ಇಂಜಿನಿಯರಿಂಗ್ ಓದಿದವನಿಗೂ ಗುರುತು ಸಿಗಲ್ಲ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ತಾನಾಗೇ ದಾಟಿ ಬರಲ್ಲ ಅಂತ ಕಲಿಕಾ ವಿಜ್ಞಾನದವರು ನೂರಕ್ಕೂ ಹೆಚ್ಚು ವರ್ಷದಿಂದ ಹೇಳ್ತಾ ಬಂದಿದ್ದಾರೆ.

ಆ ವಿಜ್ಞಾನದ ಕಥೆ ಜರ್ಮನಿಯಲ್ಲಿ ಶುರುವಾಗುತ್ತೆ. ಹರ್ಮನ್ ಎಬ್ಬಿಂಗ್‌ಹೌಸ್ ಅನ್ನೋ ಮನುಷ್ಯ ಅರ್ಥವೇ ಇಲ್ಲದ ಸಾವಿರಾರು ಅಕ್ಷರಗುಚ್ಛಗಳನ್ನ ತಯಾರಿಸಿ, ಉರು ಹೊಡೆದು, ಮರೆತು, ಮತ್ತೆ ಉರು ಹೊಡೆದು, ವರ್ಷಗಟ್ಟಲೆ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡ. 1885ರಲ್ಲಿ ಫಲಿತಾಂಶ ಪ್ರಕಟಿಸಿದ. ಎರಡನೇ ಸಲ ಕಲಿಯುವಾಗ ಎಷ್ಟು ಶ್ರಮ ಉಳಿಯಿತು ಅನ್ನೋದು ಅವನ ಅಳತೆಗೋಲು. ಕಲಿತ 20 ನಿಮಿಷಕ್ಕೆ ಸುಮಾರು 58 ಪರ್ಸೆಂಟ್ ಉಳಿತಾಯ, ಒಂದು ಗಂಟೆಗೆ 44, ಒಂದು ದಿನಕ್ಕೆ 34ರ ಹತ್ತಿರ, ಒಂದು ತಿಂಗಳಿಗೆ 21. ಮರೆವು ಮೊದಮೊದಲು ಧಡಧಡ ಇಳಿಯುತ್ತೆ, ಆಮೇಲೆ ನಿಧಾನ ಆಗುತ್ತೆ.

ಎಲ್ಲರೂ ಈ ಮರೆವಿನ ರೇಖೆಯನ್ನೇ ತೋರಿಸ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಅದೇ ಪುಸ್ತಕದ ಇನ್ನೊಂದು ಲೆಕ್ಕ. ಹನ್ನೆರಡು ಅಕ್ಷರಗುಚ್ಛಗಳ ಒಂದು ಸಾಲನ್ನ ಒಂದೇ ದಿನ ಕೂತು 68 ಸಲ ಹೇಳಿದ್ದಕ್ಕೆ ಮರುದಿನ ಎಷ್ಟು ಪ್ರಯೋಜನ ಸಿಕ್ಕಿತೋ, ಮೂರು ದಿನಕ್ಕೆ ಹಂಚಿ ಬರೀ 38 ಸಲ ಹೇಳಿದ್ದಕ್ಕೂ ಅಷ್ಟೇ ಸಿಕ್ಕಿತು. ಹೆಚ್ಚುಕಡಿಮೆ ಅರ್ಧ ಕೆಲಸ, ಅಷ್ಟೇ ಫಲ. ಹಣದ ಪಾಠಕ್ಕೆ ಇದನ್ನ ಹಾಕಿ ನೋಡಿ. ಕೆಲಸಕ್ಕೆ ಸೇರಿದ ಮೊದಲ ವಾರ ನೆನಪಿದೆಯಾ? ಏಸಿ ಹಾಲಿನಲ್ಲಿ ಕೂರಿಸಿ, ಪಿಎಫ್, ಗ್ರಾಚ್ಯುಟಿ, ಎನ್‌ಪಿಎಸ್, ವಿಮೆ, ತೆರಿಗೆ ಎಲ್ಲವನ್ನೂ ಒಂದೂವರೆ ಗಂಟೆಯಲ್ಲಿ ಸ್ಲೈಡ್ ಮೇಲೆ ಸ್ಲೈಡ್ ಹಾಕಿ ಮುಗಿಸಿದ್ರು. ಮಧ್ಯಾಹ್ನ ಊಟದ ಹೊತ್ತಿಗೆ ಎಷ್ಟು ಉಳಿದಿತ್ತು? ನಿಜವಾದ ನಿರ್ಧಾರ ಬಂದದ್ದು ಅದಾದ ಮೂರು ವರ್ಷಕ್ಕೆ, ಕೆಲಸ ಬಿಟ್ಟಾಗ ಪಿಎಫ್ ತೆಗೆಯೋದಾ ವರ್ಗಾಯಿಸೋದಾ ಅನ್ನೋ ದಿನ. ಅವತ್ತು ಆ ಸ್ಲೈಡ್ ಎಲ್ಲಿತ್ತು?

ನಮ್ಮ ಹಳೆ ಶಾಲೆಗಳಿಗೆ ಎಬ್ಬಿಂಗ್‌ಹೌಸ್ ಹೆಸರು ಗೊತ್ತಿರಲಿಲ್ಲ, ಆದರೆ ಮಗ್ಗಿ ಗೊತ್ತಿತ್ತು. ದಿನಾ ಸಂಜೆ ಸಾಲಾಗಿ ಕೂತು ಒಂದೊಂದ್ಲ ಒಂದು ಅಂತ ಶುರು ಮಾಡಿ, ಹಿಂದಿನ ತಲೆಮಾರಿನವರಾದ್ರೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಯವರೆಗೂ ಬಾಯಿಪಾಠ. ಉರು ಹೊಡೆಯೋದನ್ನ ಗೇಲಿ ಮಾಡೋದು ಈಗ ಫ್ಯಾಷನ್. ಅರ್ಥ ಆಗದೆ ಉರು ಹೊಡೆದ್ರೆ ಗೇಲಿ ಸರಿಯೇ. ಆದರೆ ಮಗ್ಗಿಯಲ್ಲಿ ಎರಡು ಒಳ್ಳೆಯ ಗುಣ ಇದ್ದವು: ಒಂದೇ ದಿನ ಮುಗಿಸದೆ ದಿನಾ ಸ್ವಲ್ಪ ಸ್ವಲ್ಪ ಹೇಳಿಸೋದು, ಮತ್ತೆ ಪುಸ್ತಕ ಮುಚ್ಚಿ ಬಾಯಿಂದ ಹೇಳಿಸೋದು. ಎರಡನೆಯದರ ಬೆಲೆ ಪ್ರಯೋಗದಲ್ಲಿ ಚೆನ್ನಾಗಿ ಕಂಡಿದ್ದು 2006ರಲ್ಲಿ. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ರು. ಕೆಲವರು ಅದನ್ನ ಎರಡು ಸಲ ಓದಿದ್ರು. ಇನ್ನು ಕೆಲವರು ಒಂದು ಸಲ ಓದಿ, ಹಾಳೆ ಮುಚ್ಚಿ, ನೆನಪಾದಷ್ಟು ಬರೆದ್ರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದ್ರೆ ಎರಡು ಸಲ ಓದಿದವರೇ ಮುಂದೆ, 81ಕ್ಕೆ 75. ಒಂದು ವಾರ ಬಿಟ್ಟು ಮಾಡಿದ್ರೆ ತಿರುಗುಮುರುಗು: ಓದಿದವರು 42, ಬರೆದು ನೋಡಿದವರು 56. ಮತ್ತೆ ಮತ್ತೆ ಓದಿದಾಗ "ಗೊತ್ತಾಯ್ತು" ಅನ್ನೋ ಭಾವನೆ ಬರುತ್ತೆ. ನೆನಪಿನಿಂದ ಎಳೆದು ತೆಗೆದಾಗಲೇ ಅದು ಕೂರೋದು. ಮೊದಲಿಗೆ ಕೇಳಿದ ಮನೆ ಸಾಲದ ಪ್ರಶ್ನೆಗೆ ಉತ್ತರ ಕೊಡದೆ ನಿಮ್ಮ ಕೈಲಿ ಬರೆಸಿದ್ದು ಇದೇ ಕಾರಣಕ್ಕೆ.

ಈಗ ಹಣದ ಪಾಠದ ಪರೀಕ್ಷೆಗೆ ಬರೋಣ. ಅಮೆರಿಕದಲ್ಲಿ 2004ರಲ್ಲಿ ಅನಮರಿಯಾ ಲುಸಾರ್ಡಿ ಮತ್ತು ಒಲಿವಿಯಾ ಮಿಚೆಲ್ 50 ದಾಟಿದವರಿಗೆ ಮೂರೇ ಪ್ರಶ್ನೆ ಕೇಳಿದ್ರು. ಒಂದು ಬಡ್ಡಿ, ಒಂದು ಹಣದುಬ್ಬರ, ಒಂದು ಒಂದೇ ಕಂಪನಿಯ ಷೇರು ಒಳ್ಳೆಯದೋ ಮ್ಯೂಚುವಲ್ ಫಂಡೋ ಅಂತ. ಮೂರನ್ನೂ ಸರಿ ಹೇಳಿದವರು ಮೂರರಲ್ಲಿ ಒಂದು ಪಾಲು ಅಷ್ಟೇ. ಮೊದಲ ಪ್ರಶ್ನೆ ಎಷ್ಟು ಸುಲಭ ಅಂದ್ರೆ, ನೂರು ಡಾಲರ್ ಎರಡು ಪರ್ಸೆಂಟಿಗೆ ಇಟ್ರೆ ಐದು ವರ್ಷಕ್ಕೆ 102ಕ್ಕಿಂತ ಜಾಸ್ತಿನಾ ಕಡಿಮೆನಾ ಅನ್ನೋದು. ಜನ ಗಾಬರಿಯಾದ್ರು. 2008ರ ಆರ್ಥಿಕ ಕುಸಿತದ ನಂತರವಂತೂ ಎಲ್ಲ ಕಡೆ "ಹಣಕಾಸು ಸಾಕ್ಷರತೆ" ಅನ್ನೋ ಕೂಗು ಜೋರಾಯ್ತು.

ತಣ್ಣೀರು ಸುರಿದಿದ್ದು 2014ರಲ್ಲಿ. ಫರ್ನಾಂಡಿಸ್, ಲಿಂಚ್, ನೆಟ್‌ಮೇಯರ್ ಅನ್ನೋ ಮೂವರು 168 ಪ್ರಬಂಧಗಳನ್ನ, ಅವುಗಳೊಳಗಿನ 201 ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದ್ರು. ಜನ ಹಣದ ವಿಷಯದಲ್ಲಿ ನಡೆದುಕೊಳ್ಳೋ ರೀತಿಯಲ್ಲಿರೋ ವ್ಯತ್ಯಾಸದಲ್ಲಿ ಇಂಥ ತರಗತಿಗಳು ವಿವರಿಸಿದ್ದು 0.1 ಪರ್ಸೆಂಟ್. ಸಾವಿರದಲ್ಲಿ ಒಂದು! ಎಷ್ಟೋ ಗಂಟೆ ಪಾಠ ಮಾಡಿದ್ರೂ 20 ತಿಂಗಳು ಕಳೆಯೋದ್ರೊಳಗೆ ಪರಿಣಾಮ ಸವೆದು ಹೋಗಿತ್ತು. ಅವರು ಕೊಟ್ಟ ಸಲಹೆ, ನಿರ್ಧಾರದ ಹೊತ್ತಿಗೆ ಸರಿಯಾಗಿ, ಆ ನಿರ್ಧಾರಕ್ಕೆ ಬೇಕಾದಷ್ಟನ್ನೇ ಕಲಿಸಿ ಅನ್ನೋದು. ಇದನ್ನ ಹಿಡ್ಕೊಂಡು ಹಣದ ಪಾಠವೇ ದಂಡ ಅನ್ನೋರು ಹುಟ್ಟಿಕೊಂಡ್ರು. ಅದು ಅವಸರದ ತೀರ್ಪು. 2022ರಲ್ಲಿ ಟಿಮ್ ಕೈಸರ್, ಲುಸಾರ್ಡಿ ಮತ್ತಿತರರು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ನಡೆಸಿದ 76 ಪ್ರಯೋಗಗಳನ್ನ ಮಾತ್ರ ಲೆಕ್ಕಕ್ಕೆ ತಗೊಂಡು ನೋಡಿದಾಗ ಜ್ಞಾನದ ಮೇಲೂ ನಡವಳಿಕೆಯ ಮೇಲೂ ಪರಿಣಾಮ ಇದೆ ಅಂತಲೇ ಕಂಡಿತು. ಹಾಗಾಗಿ ಜಗಳ ಪಾಠ ಬೇಕಾ ಬೇಡವಾ ಅನ್ನೋದಲ್ಲ, ಎಂಥ ಪಾಠ ಅನ್ನೋದು.

ಎಂಥ ಪಾಠ ಅನ್ನೋದಕ್ಕೆ ಎರಡು ಊರಿನ ಉದಾಹರಣೆ. ಕೆರಿಬಿಯನ್‌ನ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಸಣ್ಣ ಸಾಲ ಪಡೆದ ಅಂಗಡಿಯವರನ್ನ ಗುಂಪು ಮಾಡಿದ್ರು. ಒಂದು ಗುಂಪಿಗೆ ಕ್ರಮಬದ್ಧ ಲೆಕ್ಕಪತ್ರ ಪಾಠ. ಇನ್ನೊಂದಕ್ಕೆ ಸರಳ ಸೂತ್ರಗಳು ಮಾತ್ರ, ಅಂಗಡಿ ದುಡ್ಡು ಒಂದು ಡ್ರಾಯರ್, ಮನೆ ದುಡ್ಡು ಇನ್ನೊಂದು ಡ್ರಾಯರ್ ಅನ್ನೋ ಥರ. ಲೆಕ್ಕಪತ್ರ ಕಲಿತವರಲ್ಲಿ ಹೇಳಿಕೊಳ್ಳೋ ಬದಲಾವಣೆ ಕಾಣಲಿಲ್ಲ, ಡ್ರಾಯರ್‌ನವರ ಅಭ್ಯಾಸ ಸುಧಾರಿಸಿತು. ಇನ್ನೊಂದು ನಮ್ಮ ಅಹಮದಾಬಾದ್. ಅಲ್ಲಿ ಕಡಿಮೆ ಆದಾಯದ ಕುಟುಂಬಗಳಿಗೆ ವಿಡಿಯೋ ಮೂಲಕ ಹಣದ ಪಾಠ ಮಾಡಿದ್ರು. ಬರೀ ವಿಡಿಯೋ ನೋಡಿದವರ ನಡವಳಿಕೆ ಅಷ್ಟಾಗಿ ಬದಲಾಗಲಿಲ್ಲ. ವಿಡಿಯೋ ಜೊತೆಗೆ ಸ್ವಂತ ಗುರಿ ಹಾಕಿಸಿ, ಒಬ್ಬೊಬ್ಬರ ಹತ್ತಿರ ಕೂತು ಮಾತಾಡಿದಾಗ ಬದಲಾಯಿತು. (ವಿಡಿಯೋ ಚಾನೆಲ್ ನಡೆಸೋ ನನಗೆ ಈ ಫಲಿತಾಂಶ ಓದಿ ಅಷ್ಟೇನೂ ಖುಷಿಯಾಗಲಿಲ್ಲ ಅನ್ನೋದನ್ನ ಬೇರೆ ಹೇಳಬೇಕಿಲ್ಲ.)

ಹತ್ತಿರ ಕೂತು ಮಾತಾಡೋದು ಅಂದ ಕೂಡಲೇ ಕರಾವಳಿಯವರಿಗೆ ಒಬ್ಬರು ನೆನಪಾಗಿರ್ತಾರೆ. ಪಿಗ್ಮಿಯವರು.

1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಈ ಮೂವರು 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಶುರು ಮಾಡಿದ್ರು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲ, ಅವರಿಗೆ ನೆರವಾಗೋದು ಮೊದಲ ಉದ್ದೇಶ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯ್ತು, 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯ್ತು. 1928ರಲ್ಲಿ ಅವರು ತಂದದ್ದು ಪಿಗ್ಮಿ ಠೇವಣಿ. ಬ್ಯಾಂಕಿನ ಏಜೆಂಟ್ ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬರ್ತಾನೆ. ಎರಡಾಣೆ ಕೊಟ್ರೂ ತಗೊಳ್ತಾನೆ, ಬರೆದುಕೊಳ್ತಾನೆ, ನಾಳೆ ಮತ್ತೆ ಬರ್ತಾನೆ. ದಿನಕ್ಕೆ ಎರಡಾಣೆ ಅಂದ್ರೆ ವರ್ಷಕ್ಕೆ 45 ರೂಪಾಯಿ 10 ಆಣೆ. ಆ ಕಾಲದ ಬೀಡಿ ಕಟ್ಟೋರಿಗೆ, ಮೀನು ಮಾರೋರಿಗೆ, ಗೂಡಂಗಡಿಯವರಿಗೆ ಅದೇನು ಸಣ್ಣ ಮೊತ್ತ ಅಲ್ಲ.

ಕಲಿಕಾ ವಿಜ್ಞಾನದ ಕಣ್ಣಿನಿಂದ ಈ ಪದ್ಧತಿಯನ್ನ ನೋಡಿ. ಗಲ್ಲಾಪೆಟ್ಟಿಗೆಯಲ್ಲಿ ದುಡ್ಡು ಇರೋ ಹೊತ್ತಿಗೆ ಸರಿಯಾಗಿ ಬರ್ತಾನೆ, ಅಂದ್ರೆ ನಿರ್ಧಾರದ ಗಳಿಗೆಯಲ್ಲೇ. ದಿನಾ ಬರ್ತಾನೆ, ಅಂದ್ರೆ ಹಂಚಿದ ಅಭ್ಯಾಸ. ಗುರುತಿನವನು, "ಮಗಳ ಮದುವೆಗೆ ಅಂದಿದ್ರಲ್ಲ, ಇವತ್ತು ಯಾಕೆ ಕಮ್ಮಿ?" ಅಂತ ಕೇಳೋ ಸಲಿಗೆ ಇದೆ, ಅಂದ್ರೆ ಗುರಿಯ ನೆನಪು. ಅಹಮದಾಬಾದಿನಲ್ಲಿ ಪ್ರಯೋಗ ಮಾಡಿ ಕಂಡುಕೊಂಡದ್ದು ಕರಾವಳಿಯ ಓಣಿಗಳಲ್ಲಿ ಎಂಬತ್ತು ವರ್ಷ ಮುಂಚೆಯೇ ಸೈಕಲ್ ಏರಿ ಓಡಾಡುತ್ತಿತ್ತು. ಯಾರೂ ಅದನ್ನ ಶಿಕ್ಷಣ ಅಂತ ಕರೆಯಲಿಲ್ಲ.

ಹಾಗಂತ ಪಿಗ್ಮಿಯನ್ನ ತಲೆ ಮೇಲೆ ಹೊತ್ತುಕೊಳ್ಳೋದೂ ಬೇಡ. ಮನೆ ಬಾಗಿಲ ಸೇವೆಗೆ ಏಜೆಂಟನ ಕಮಿಷನ್ ಖರ್ಚಿದೆ, ಹಾಗಾಗಿ ಬಡ್ಡಿ ಕಡಿಮೆ, ಅವಧಿಗೆ ಮುಂಚೆ ತೆಗೆದ್ರೆ ಇನ್ನೂ ಕಡಿಮೆ. ಬ್ಯಾಂಕಿನ ಗೇಟಿನೊಳಗೆ ಹೋಗದ ಏಜೆಂಟರ ದುಡಿಮೆಗೂ ಬಹುಕಾಲ ಸರಿಯಾದ ಮಾನ್ಯತೆ ಇರಲಿಲ್ಲ. ಅವರೂ ಕಾರ್ಮಿಕರೇ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ. ಎಲ್ಲಕ್ಕಿಂತ ಮುಖ್ಯ, ಪಿಗ್ಮಿ ಉಳಿತಾಯವನ್ನ ರೂಢಿ ಮಾಡಿಸಿತು, ಬಡ್ಡಿ ಲೆಕ್ಕ ಕಲಿಸಲಿಲ್ಲ. ಇಪ್ಪತ್ತು ವರ್ಷ ಪಿಗ್ಮಿ ಕಟ್ಟಿದವರು, ಹಣ ಡಬಲ್ ಮಾಡಿಕೊಡ್ತೀವಿ ಅಂತ ಯಾವನೋ ಬಂದಾಗ ಅದೇ ಪುಸ್ತಕ ಒಡೆದು ಅವನ ಕೈಗೆ ಕೊಟ್ಟದ್ದೂ ಇದೆ. ನಮ್ಮ ಎಸ್‌ಐಪಿ ಕೂಡ ಇದೇ ಜಾತಿ. ತಿಂಗಳ ಐದನೇ ತಾರೀಕು ತಾನಾಗೇ ಕಟ್ ಆಗುತ್ತೆ, ಬಹಳ ಒಳ್ಳೆಯದು. ಆದರೆ ನೆನಪಿಸೋಕೆ ಯಾರೂ ಬಾಗಿಲಿಗೆ ಬರಲ್ಲ, ಹಾಗಾಗಿ ಏನೂ ಕಲಿಯಲ್ಲ.

ಕಲಿಯದೆ ಇದ್ರೆ ಏನಾಗುತ್ತೆ ಅನ್ನೋದಕ್ಕೆ ಬೇರೆ ಊರಿಗೆ ಹೋಗಬೇಕಿಲ್ಲ, ನಮ್ಮ ಪಕ್ಕದ ಕ್ಯೂಬಿಕಲ್ ಸಾಕು. ಸೆಬಿ 2024ರ ಸೆಪ್ಟೆಂಬರಿನಲ್ಲಿ ಕೊಟ್ಟ ವರದಿ ಪ್ರಕಾರ 2022ರಿಂದ 2024ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಎಫ್ ಆ್ಯಂಡ್ ಓ ಆಡಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ 93 ಪರ್ಸೆಂಟ್ ಜನ ಕಳ್ಕೊಂಡ್ರು. ತಲೆಗೆ ಸರಾಸರಿ ಎರಡು ಲಕ್ಷ, ಒಟ್ಟು 1.8 ಲಕ್ಷ ಕೋಟಿಗೂ ಹೆಚ್ಚು. ಎರಡು ವರ್ಷ ಸತತ ಕಳ್ಕೊಂಡವರಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಆಟ ಬಿಡಲಿಲ್ಲ. ಹಾಗಾದ್ರೆ ಯಾರೂ ಎಚ್ಚರಿಸಲಿಲ್ವಾ? ಎಚ್ಚರಿಸಿದ್ರು! 2023ರಿಂದ ಟ್ರೇಡಿಂಗ್ ಆ್ಯಪಿಗೆ ಲಾಗಿನ್ ಆದಾಗ "ಹತ್ತರಲ್ಲಿ ಒಂಬತ್ತು ಮಂದಿ ನಷ್ಟ ಮಾಡ್ಕೋತಾರೆ" ಅನ್ನೋ ಸೂಚನೆ ತೋರಿಸಬೇಕು ಅಂತ ಸೆಬಿ ನಿಯಮವೇ ಮಾಡಿದೆ. ಸಮಯ ಸರಿ, ಮತ್ತೆ ಮತ್ತೆ ತೋರಿಸೋದೂ ಸರಿ. ಆದರೆ ನಾವು ಮಾಡೋದೇನು? 'ಓಕೆ' ಒತ್ತಿ ಒಳಗೆ ಹೋಗ್ತೀವಿ. ರೋಡಿಗರ್ ಪ್ರಯೋಗದಲ್ಲಿ ಎರಡು ಸಲ ಓದಿ ಗೊತ್ತಾಯ್ತು ಅಂದುಕೊಂಡವರು ನಾವೇ. ಅದರ ಬದಲು ಆ್ಯಪ್ ಒಳಗೆ ಬಿಡೋ ಮುಂಚೆ "ಹೋದ ಮೂರು ತಿಂಗಳಲ್ಲಿ ನಿಮ್ಮ ಒಟ್ಟು ಲಾಭ ಅಥವಾ ನಷ್ಟ ಎಷ್ಟು? ಬರೆಯಿರಿ" ಅಂತ ಕೇಳಿ, ಆಮೇಲೆ ನಿಜವಾದ ಸಂಖ್ಯೆ ತೋರಿಸಿದ್ರೆ? ಯಾವ ಬ್ರೋಕರೂ ಇಷ್ಟಪಟ್ಟು ಮಾಡಲ್ಲ. ನಿಯಮ ಬರೆಯೋರು ಮಾಡಿಸಬಹುದು ಅನ್ನೋದು ನನ್ನ ಅಭಿಪ್ರಾಯ.

ಈಗ ನಿಮ್ಮ ಚೀಟಿ ತೆಗೀರಿ. 50 ಲಕ್ಷದ ಸಾಲದ ಕಂತು ತಿಂಗಳಿಗೆ ಸುಮಾರು 43,391. ಮೊದಲ ತಿಂಗಳು ಅದರಲ್ಲಿ 35,417 ಬಡ್ಡಿಗೇ ಹೋಗುತ್ತೆ, ಅಸಲಿಗೆ ಸೇರೋದು ಎಂಟು ಸಾವಿರಕ್ಕಿಂತ ಚೂರು ಕಡಿಮೆ. ಅರ್ಧ ಅಸಲು ತೀರೋ ಹೊತ್ತಿಗೆ 166 ತಿಂಗಳು ಆಗಿರುತ್ತೆ, ಹೆಚ್ಚುಕಡಿಮೆ 14 ವರ್ಷ. ಹತ್ತು ಅಂತ ಬರೆದಿದ್ರಾ? ಬಹಳ ಮಂದಿ ಹಾಗೇ ಬರೀತಾರೆ. ಬಡ್ಡಿ ಚಕ್ರದ ಹಾಗೆ ತಿರುಗೋದನ್ನ ನಮ್ಮ ಮನಸ್ಸು ಗೆರೆಯ ಹಾಗೆ ನೇರ ಎಳೆದು ನೋಡುತ್ತೆ. ಕನ್ನಡದ 'ಚಕ್ರಬಡ್ಡಿ' ಅನ್ನೋ ಪದದಲ್ಲಿ ಆ ಚಿತ್ರ ಇದೆ, ನಾವು ಆ ಪದವನ್ನ ಪರೀಕ್ಷೆ ಹಾಲಿನಲ್ಲೇ ಬಿಟ್ಟು ಬಂದಿದ್ದೀವಿ.

ಮಾಡಬಹುದಾದ್ದು ದೊಡ್ಡದೇನಲ್ಲ. ಸಂಬಳದ ದಿನ ಪೇಸ್ಲಿಪ್ ತೆರೆಯೋ ಮುಂಚೆ ಪಿಎಫ್‌ಗೆ ಎಷ್ಟು, ತೆರಿಗೆಗೆ ಎಷ್ಟು ಹೋಗಿರಬಹುದು ಅಂತ ಊಹಿಸಿ ಬರೆಯಿರಿ, ಆಮೇಲೆ ತೆರೆಯಿರಿ. ಸಾಲದ ಸ್ಟೇಟ್‌ಮೆಂಟ್‌ಗೂ ಅಷ್ಟೇ. ಯಾವುದೇ ಸಾಲದ ಬಡ್ಡಿಯನ್ನ "ನೂರಕ್ಕೆ ತಿಂಗಳಿಗೆ ಎಷ್ಟು" ಅಂತ ಅಜ್ಜಿಯ ಭಾಷೆಗೆ ತಿರುಗಿಸಿ ನೋಡಿ. ದುಡ್ಡು ಎಷ್ಟು ವರ್ಷಕ್ಕೆ ಇಮ್ಮಡಿ ಆಗುತ್ತೆ ಅನ್ನೋಕೆ 72ನ್ನ ಬಡ್ಡಿ ದರದಿಂದ ಭಾಗಿಸೋ ಸೂತ್ರ 1494ರಲ್ಲಿ ಲುಕಾ ಪಚಿಯೋಲಿ ಬರೆದ ಇಟಲಿಯ ಗಣಿತ ಪುಸ್ತಕದಲ್ಲೇ ಇದೆ. ಮಕ್ಕಳಿದ್ರೆ ಮಗ್ಗಿಯ ಜೊತೆ ಅದನ್ನೂ ಸೇರಿಸಿ, ವಾರಕ್ಕೊಂದು ಸಲ, ಊಟದ ಹೊತ್ತಿನಲ್ಲಿ, ಬೇರೆ ಬೇರೆ ಸಂಖ್ಯೆ ಕೊಟ್ಟು ಕೇಳಿ. ಐದು ನಿಮಿಷ ಸಾಕು.

ಮುಂದಿನ ವಾರ ವಿಮೆಯ ಚರಿತ್ರೆ ಮಾತಾಡೋಣ. ಅಲ್ಲಿಯವರೆಗೆ ಮೂರು ಪ್ರಶ್ನೆ, ಮೇಲಕ್ಕೆ ಹೋಗಿ ನೋಡದೆ ಹೇಳಿ. ಎಬ್ಬಿಂಗ್‌ಹೌಸ್ 68 ಸಲದ ಕೆಲಸವನ್ನ ಮೂರು ದಿನಕ್ಕೆ ಹಂಚಿದಾಗ ಎಷ್ಟು ಸಲಕ್ಕೆ ಮುಗಿಸಿದ? ಉಡುಪಿಯಲ್ಲಿ ಪಿಗ್ಮಿ ಶುರುವಾದದ್ದು ಯಾವ ವರ್ಷ? ನಿಮ್ಮ ಕ್ರೆಡಿಟ್ ಕಾರ್ಡಿನ ಬಡ್ಡಿ ತಿಂಗಳಿಗೆ ನೂರಕ್ಕೆ ಎಷ್ಟು? ಮೂರನೆಯದರ ಉತ್ತರ ನನ್ನ ಹತ್ತಿರ ಇಲ್ಲ, ನಿಮ್ಮ ಬಿಲ್ಲಿನಲ್ಲಿದೆ.